ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ರೋಗನಿರೋಧಕ ಶಕ್ತಿ

2019ರ ಆಗಸ್ಟ್‌ನಲ್ಲಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಒಂದು ಅಧ್ಯಯನ ಶುರುವಾಯಿತು. ಶ್ವಾಸಕೋಶದ ಟಿಬಿ ಬಂದಿದ್ದ 2,800 ರೋಗಿಗಳು ಅದರಲ್ಲಿದ್ದರು. ಅವರ ಜೊತೆ ಒಂದೇ ಸೂರಿನಡಿ ಬದುಕುತ್ತಿದ್ದ 10,345 ಮಂದಿಯೂ ಇದ್ದರು. ರೋಗಿಗಳಿಗೆಲ್ಲ ಔಷಧಿಯ ಜೊತೆ ಆಹಾರದ ಚೀಲ ಸಿಕ್ಕಿತು. ಮನೆಯವರನ್ನು ಮಾತ್ರ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಲ್ಲಿ ದೊಡ್ಡವರಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ತಿಂಗಳು ತಿಂಗಳೂ, ಆರು ತಿಂಗಳ ಕಾಲ. ಇನ್ನೊಂದು ಗುಂಪಿನ ಮನೆಯವರು ಎಂದಿನಂತೆ ತಮಗೆ ಸಿಕ್ಕಿದ್ದನ್ನು ಉಂಡರು.

ಆಮೇಲೆ ಯಾರ್‍ಯಾರಿಗೆ ಟಿಬಿ ಬಂತು ಅಂತ ಲೆಕ್ಕ ಇಟ್ಟರು. ಅಕ್ಕಿ-ಬೇಳೆ ಸಿಕ್ಕಿದ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಗಿತ್ತು. ಇನ್ನೊಬ್ಬರಿಗೆ ಹರಡುವಂಥ ಶ್ವಾಸಕೋಶದ ಟಿಬಿಯನ್ನಷ್ಟೇ ತೆಗೆದುಕೊಂಡರೆ ಶೇ 48ರಷ್ಟು ಕಡಿಮೆ. ಹತ್ತಿರ ಹತ್ತಿರ ಅರ್ಧ!

ಈ ಅಧ್ಯಯನದ ಹೆಸರು ರೇಷನ್ಸ್. ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. 2023ರ ಆಗಸ್ಟ್‌ನಲ್ಲಿ ಇದರ ಫಲಿತಾಂಶ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಊರಿನ ವೈದ್ಯರು ಮಾಡಿದ ಇಷ್ಟು ದೊಡ್ಡ ಕೆಲಸದ ಬಗ್ಗೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಅದೇ ಇಮ್ಯುನಿಟಿ ಬೂಸ್ಟರ್ ಎಂಬ ಮಾತು ಕೇಳದವರು ಯಾರಾದರೂ ಇದ್ದಾರಾ?

ಮಳೆಗಾಲ ಶುರುವಾಗಿ ಮಕ್ಕಳು ಶಾಲೆಗೆ ಹೊರಟರೆ ಸಾಕು, ಮೆಡಿಕಲ್ ಶಾಪಿನ ಮುಂದಿನ ಸಾಲಿಗೆ ಆ ಡಬ್ಬಿಗಳೇ ಬಂದು ಕೂರುತ್ತವೆ. ಸಿರಪ್, ಪುಡಿ, ಚಪ್ಪರಿಸುವ ಮಾತ್ರೆ, ಜ್ಯೂಸು. ಮಗುವಿಗೆ ಪದೇ ಪದೇ ನೆಗಡಿ ಆಗುತ್ತೆ, ಏನು ಕೊಡಲಿ ಅಂತ ತಾಯಿ ಕೇಳಿದರೆ ಆ ಸಾಲಿನಿಂದ ಒಂದು ಬಾಟಲಿ ಕೈಗೆ ಬರುತ್ತದೆ. ಆ ತಾಯಿಯ ಆತಂಕ ನಿಜವಾದದ್ದು. ಆದರೆ ಅವಳು ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಅನ್ನುವ ಪ್ರಶ್ನೆಯನ್ನು ನಾವು ಕೇಳಲೇಬೇಕು.

ಬೂಸ್ಟರ್ ಅನ್ನುವ ಪದದಲ್ಲೇ ಒಂದು ತಪ್ಪು ಕಲ್ಪನೆ ಇದೆ. ರೋಗನಿರೋಧಕ ಶಕ್ತಿ ಎಂದರೆ ಮೊಬೈಲಿನ ಚಾರ್ಜ್ ಇದ್ದಹಾಗೆ, ಕಡಿಮೆಯಾದಾಗ ತುಂಬಿಸಿಕೊಂಡರಾಯಿತು ಎಂದು ನಾವು ಅಂದುಕೊಂಡಿದ್ದೇವೆ. ಅದು ಹಾಗಲ್ಲ. ಚರ್ಮ, ಮೂಗಿನ ಲೋಳೆ, ಹೊಟ್ಟೆಯ ಆಮ್ಲದಿಂದ ಹಿಡಿದು ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳ ತನಕ ಹತ್ತಾರು ಅಂಗಗಳು ಸೇರಿ ಮಾಡುವ ಕೆಲಸ ಅದು. ಸೋಂಕು ಬಂದಾಗ ಏಳಬೇಕು. ಕೆಲಸ ಮುಗಿದ ಮೇಲೆ ತಣ್ಣಗಾಗಬೇಕು. ತಣ್ಣಗಾಗದಿದ್ದರೆ ಅದೇ ಒಂದು ಕಾಯಿಲೆ. ಧೂಳಿಗೆ ಸೀನು ನಿಲ್ಲದಿರುವುದು, ರುಮಟಾಯ್ಡ್ ಸಂಧಿವಾತ, ಮಕ್ಕಳಲ್ಲಿ ಬರುವ ಟೈಪ್ 1 ಸಕ್ಕರೆ ಕಾಯಿಲೆ, ಇವೆಲ್ಲ ರೋಗನಿರೋಧಕ ವ್ಯವಸ್ಥೆ ತಪ್ಪು ಗುರಿಗೆ ಹೊಡೆದಾಗ ಆಗುವಂಥವು.

ಕೋವಿಡ್ ಕಾಲವನ್ನೇ ನೆನಪಿಸಿಕೊಳ್ಳಿ. ಮನೆಮನೆಯಲ್ಲೂ ಇಮ್ಯುನಿಟಿ ಹೆಚ್ಚಿಸಿಕೊಳ್ಳುವ ಮಾತು. ಅದೇ ಹೊತ್ತಿಗೆ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಆ ಔಷಧಿ ಮಾಡುವ ಕೆಲಸ ಏನು ಗೊತ್ತಾ? ರೋಗನಿರೋಧಕ ವ್ಯವಸ್ಥೆಯ ಆವೇಶವನ್ನು ತಗ್ಗಿಸುವುದು. ತೀವ್ರ ಹಂತ ಮುಟ್ಟಿದವರನ್ನು ಕೊಲ್ಲುತ್ತಿದ್ದದ್ದರಲ್ಲಿ ಅವರ ದೇಹದ್ದೇ ಅತಿಯಾದ ಹೋರಾಟವೂ ಸೇರಿತ್ತು.

ಅಮೃತಬಳ್ಳಿಯ ಕಥೆಯನ್ನೂ ಇಲ್ಲೇ ಹೇಳಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಹಿತ್ತಲಿನಲ್ಲಿ, ಕಾಂಪೌಂಡಿನ ಮೇಲೆ ಹಬ್ಬಿರುವ ಬಳ್ಳಿ. 2020ರಲ್ಲಿ ಅದರ ಕಷಾಯ ದಿನಚರಿಯೇ ಆಗಿಹೋಯಿತು. ವಾರಗಟ್ಟಲೆ, ತಿಂಗಳುಗಟ್ಟಲೆ ಕುಡಿದವರಿದ್ದಾರೆ. ಅದೇ ವರ್ಷದ ಕೊನೆಗೆ ಮುಂಬೈನ ಲಿವರ್ ತಜ್ಞರು ಕಾಮಾಲೆಯೊಂದಿಗೆ ಬಂದ ಆರು ರೋಗಿಗಳಲ್ಲಿ ಒಂದು ಸಾಮ್ಯ ಗಮನಿಸಿದರು. ಎಲ್ಲರೂ ಅಮೃತಬಳ್ಳಿ ತೆಗೆದುಕೊಳ್ಳುತ್ತಿದ್ದವರೇ. ಆಮೇಲೆ ದೇಶದ 13 ಕೇಂದ್ರಗಳಿಂದ ಇಂಥ 43 ರೋಗಿಗಳ ವಿವರ ಒಟ್ಟಾಯಿತು. ಅವರಲ್ಲಿ ಹಲವರಿಗೆ ಆಗಿದ್ದು ದೇಹದ ರೋಗನಿರೋಧಕ ಕಣಗಳೇ ಲಿವರ್ ಮೇಲೆ ಬಿದ್ದಾಗ ಕಾಣುವಂಥ ಹಾನಿ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯೊಂದಿಗೆ ಗೊಂದಲ ಆಗಿರಬಹುದು ಎಂದಿತು. ವಾದ ಮುಂದುವರಿಯಲಿ. ಅಜ್ಜಿ ಜ್ವರ ಬಂದಾಗ ಮೂರು ದಿನ ಕೊಡುತ್ತಿದ್ದ ಕಷಾಯದ ಬಗ್ಗೆ ನನಗೆ ಗೌರವವಿದೆ. ಆರೋಗ್ಯವಾಗಿರುವವರು ತಿಂಗಳುಗಟ್ಟಲೆ, ಅಳತೆ ಇಲ್ಲದೆ, ಸುಮ್ನೆ ಒಂದು ಭರವಸೆಗೆ ಕುಡಿಯುವುದು ಬೇರೆಯೇ ವಿಷಯ. ಥೈರಾಯ್ಡ್, ಸಂಧಿವಾತದಂಥ ಆಟೋಇಮ್ಯೂನ್ ತೊಂದರೆ, ಅಂದರೆ ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ಬೀಳುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಈಗ ಮತ್ತೆ ಆ ಅಕ್ಕಿ-ಬೇಳೆಗೆ ಬರೋಣ. ಅದು ಹೇಗೆ ಟಿಬಿ ತಡೆಯಿತು?

ಟಿಬಿ ರೋಗಾಣು ಉಸಿರಿನ ಮೂಲಕ ಒಳಗೆ ಹೋದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಅದು ಬದುಕಿಡೀ ಒಳಗೇ ಮಲಗಿರುತ್ತದೆ. ಅದನ್ನು ಮಲಗಿಸಿ ಇಡುವುದು ಬಿಳಿ ರಕ್ತಕಣಗಳ ಕಾವಲು. ಈ ಕಾವಲಿಗೆ ಖರ್ಚು ಇದೆ. ನಮ್ಮ ಮಜ್ಜೆ ನ್ಯೂಟ್ರೋಫಿಲ್ ಎಂಬ ಒಂದೇ ಬಗೆಯ ಬಿಳಿ ಕಣಗಳನ್ನು ದಿನಕ್ಕೆ ಸುಮಾರು 10,000 ಕೋಟಿಯಷ್ಟು ತಯಾರಿಸುತ್ತದೆ. ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯಗಳು ಎನ್ನುತ್ತೇವಲ್ಲ, ಅವು ಪ್ರೋಟೀನಿನಿಂದಲೇ ಆದವು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಬಳಸುವ ಶಕ್ತಿ ಶೇ 10ಕ್ಕೂ ಜಾಸ್ತಿ ಏರುತ್ತದೆ. ಇದೆಲ್ಲ ಎಲ್ಲಿಂದ ಬರಬೇಕು? ತಟ್ಟೆಯಿಂದಲೇ. ತಟ್ಟೆ ಖಾಲಿಯಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ. ಅದೂ ಮುಗಿದಾಗ ಕಾವಲು ಸಡಿಲವಾಗುತ್ತದೆ. ಜಗತ್ತಿನಲ್ಲಿ ರೋಗನಿರೋಧಕ ಶಕ್ತಿ ಕುಂದಲು ಅತಿ ಸಾಮಾನ್ಯ ಕಾರಣ ಎಚ್‌ಐವಿ ಅಲ್ಲ, ಹಸಿವು. ಜಾರ್ಖಂಡ್‌ನ ಆ ಟಿಬಿ ರೋಗಿಗಳಲ್ಲಿ ಐದರಲ್ಲಿ ನಾಲ್ಕು ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ನಲವತ್ತು ಕಿಲೋ ಇದ್ದವರು ನಲವತ್ತೆರಡು ಆಗುವುದು, ಅಷ್ಟೇ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಊಟ ಬಲ್ಲವರಾಗುವ ಮೊದಲು ಊಟ ಇರಬೇಕು, ಅಲ್ವಾ?

ಹೊಟ್ಟೆ ತುಂಬಿದ ಮನೆಗಳಲ್ಲೂ ಒಂದು ಕೊರತೆ ಇದೆ. ನಮ್ಮ ತಟ್ಟೆಯಲ್ಲಿ ಅನ್ನದ ಗುಡ್ಡ ಇರುತ್ತದೆ, ಅಥವಾ ದೊಡ್ಡ ಮುದ್ದೆ. ಪಕ್ಕದಲ್ಲಿ ತಿಳಿ ಸಾರು. ಬೇಳೆ ಪಾತ್ರೆಯ ತಳದಲ್ಲಿರುತ್ತದೆ, ಸೌಟು ಮೇಲಿಂದ ಹೋಗುತ್ತದೆ. ಕೊನೆಗೆ ಉಣ್ಣುವ ಹೆಂಗಸಿಗೆ ಪಲ್ಯವೂ ಉಳಿದಿರುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಅಂಶ ಇಲ್ಲದೆ ಬಿಳಿ ಕಣಗಳೂ ಸರಿಯಾಗಿ ಕೆಲಸ ಮಾಡವು.

ಇದರ ಮೇಲೆ ಪಥ್ಯ ಬೇರೆ. ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ, ಬದನೆಕಾಯಿ ನಂಜು, ಮೊಸರು ಬೇಡವೇ ಬೇಡ. ಜ್ವರದ ಒಂದೆರಡು ದಿನ ಹಸಿವಿಲ್ಲದೆ ಗಂಜಿ ಕುಡಿದರೆ ಏನೂ ನಷ್ಟವಿಲ್ಲ. ಆದರೆ ಟಿಬಿ ಆದವರಿಗೆ, ಆಪರೇಷನ್ ಆದವರಿಗೆ, ಬಾಣಂತಿಯರಿಗೆ ವಾರಗಟ್ಟಲೆ ಇದೇ ಪಥ್ಯ ಮಾಡಿಸುತ್ತೇವೆ. ದೇಹಕ್ಕೆ ಬೇಳೆ, ಮೊಟ್ಟೆ, ಹಾಲು ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿನಲ್ಲೇ ಅದನ್ನು ಕಸಿದುಕೊಳ್ಳುತ್ತೇವೆ. ಅದೂ ಪ್ರೀತಿಯಿಂದ. ಬಾಣಂತಿಗೆ ಮೆಣಸಿನ ಸಾರು ಅನ್ನ ಮಾತ್ರ ಹಾಕುವ ಮನೆಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಾಗಾಗಿ ಶಾಲೆಯ ಬಿಸಿಯೂಟದ ಮೊಟ್ಟೆಯನ್ನು ನಾನು ಈ ರಾಜ್ಯದ ಅತಿ ದೊಡ್ಡ ರೋಗನಿರೋಧಕ ಕಾರ್ಯಕ್ರಮಗಳ ಸಾಲಿಗೆ ಸೇರಿಸುತ್ತೇನೆ. ವಾರಕ್ಕೆ ಎರಡು ದಿನ ಇದ್ದದ್ದನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ಆರು ದಿನಕ್ಕೆ ಏರಿಸಲಾಯಿತು. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಅಕ್ಕಿಯಿಂದ ಬೇಳೆಯ ಕಡೆಗೆ ಹೋಗುವ ಈ ದಾರಿ ಸರಿಯಾದದ್ದು. ರಾಜಕೀಯದ ಲೆಕ್ಕ ಏನೇ ಇರಲಿ, ದೇಹದ ಲೆಕ್ಕ ಇದೇ. ಅಂಗಡಿಯ ಬಾಟಲಿಗೆ ಹೋಗುವ ದುಡ್ಡಿನಲ್ಲಿ ಅದೇ ಮಗುವಿಗೆ ಒಂದು ತಿಂಗಳ ಕಡಲೆಬೀಜ, ಮೊಳಕೆ ಹೆಸರುಕಾಳು, ಪೇರಳೆ, ನೆಲ್ಲಿಕಾಯಿ ಬರುತ್ತದೆ.

ವಿಟಮಿನ್ ಸಿ ಮಾತ್ರೆಯ ಬಗ್ಗೆ ಎರಡು ಮಾತು ಸಾಕು. ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆ ಹೇಳುವುದು ಇಷ್ಟು. ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ 8ರಷ್ಟು, ಮಕ್ಕಳಲ್ಲಿ ಶೇ 14ರಷ್ಟು ಬೇಗ ಮುಗಿಯುತ್ತದೆ. ಒಂದು ವಾರದ ನೆಗಡಿಯಲ್ಲಿ ಅರ್ಧ ದಿನ, ಇಲ್ಲವೇ ಒಂದು ದಿನ.

ನಿದ್ದೆಯ ವಿಷಯ ಬೇರೆ. ಇದರ ಸಾಕ್ಷಿ ಗಟ್ಟಿಯಾಗಿದೆ. ಅಮೆರಿಕದಲ್ಲಿ 164 ಆರೋಗ್ಯವಂತರ ಮಣಿಕಟ್ಟಿಗೆ ಗಡಿಯಾರದಂಥ ಸಾಧನ ಕಟ್ಟಿ ಒಂದು ವಾರ ಅವರ ನಿದ್ದೆ ಅಳೆದರು. ಆಮೇಲೆ ಹೋಟೆಲಿನಲ್ಲಿ ಇರಿಸಿ ಎಲ್ಲರ ಮೂಗಿಗೂ ನೆಗಡಿಯ ವೈರಸ್ ಬಿಟ್ಟರು. ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಾಧ್ಯತೆ, ಏಳು ಗಂಟೆಗಿಂತ ಜಾಸ್ತಿ ಮಲಗುವವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಅದು 2015ರ ಮಾತು. ಅದಕ್ಕೂ ಮೊದಲು, 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವು ಯುವಕರನ್ನು ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗಲು ಬಿಟ್ಟು, ಅದರ ನಡುವೆಯೇ ಫ್ಲೂ ಲಸಿಕೆ ಕೊಟ್ಟರು. ಹತ್ತು ದಿನದ ನಂತರ ಅವರ ಪ್ರತಿಕಾಯದ ಮಟ್ಟ, ಚೆನ್ನಾಗಿ ಮಲಗಿದವರದ್ದರ ಅರ್ಧಕ್ಕಿಂತಲೂ ಕಡಿಮೆ ಇತ್ತು.

ಆದರೆ ಚೆನ್ನಾಗಿ ನಿದ್ದೆ ಮಾಡಿ ಎಂದು ಬರೆಯುವುದು ಸುಲಭ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ನಾಲ್ಕು ಗಂಟೆಗೆ ಏಳುತ್ತಾಳೆ. ನೀರು ಹಿಡಿಯಬೇಕು, ಅಡುಗೆ ಮುಗಿಸಬೇಕು, ಬಸ್ಸು ಹಿಡಿಯಬೇಕು. ಕಾಲ್ ಸೆಂಟರಿನ ಹುಡುಗ ಬೆಳಗ್ಗೆ ಮಲಗಿದರೆ ಪಕ್ಕದಲ್ಲಿ ಕಟ್ಟಡದ ಡ್ರಿಲ್ಲಿಂಗ್ ಶುರುವಾಗುತ್ತದೆ. ಅವರಿಗೆ ಶಿಸ್ತಿಲ್ಲ ಅನ್ನುವುದು ಅನ್ಯಾಯ. ಮನೆಯಲ್ಲಿ ಕೆಲಸ ಹಂಚಿಕೊಂಡರೆ ಆ ಹೆಣ್ಣುಮಗಳಿಗೆ ಒಂದು ಗಂಟೆ ನಿದ್ದೆ ಸಿಗುತ್ತದೆ. ಬೆಳಗಿನ ಪಾತ್ರೆ ಗಂಡ ತೊಳೆಯುವುದೂ ರೋಗ ತಡೆಯುವ ಅಭ್ಯಾಸವೇ. ಹಾಸಿಗೆಯಲ್ಲಿ ಬಿದ್ದುಕೊಂಡು ಹನ್ನೆರಡರ ತನಕ ರೀಲ್ಸ್ ನೋಡುವ ನಮ್ಮಂಥವರಿಗೆ ಮಾತ್ರ ಯಾವ ನೆಪವೂ ಇಲ್ಲ.

ಇನ್ನು ಸಕ್ಕರೆ ಕಾಯಿಲೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ಕಣಗಳು ರೋಗಾಣು ಇರುವ ಕಡೆ ತಲುಪುವುದೂ ಅದನ್ನು ನುಂಗುವುದೂ ನಿಧಾನವಾಗುತ್ತದೆ. 2021ರ ಬ್ಲ್ಯಾಕ್ ಫಂಗಸ್ ಮರೆತಿದ್ದೀರಾ? ಕಣ್ಣು ಕಳೆದುಕೊಂಡವರು, ದವಡೆ ಕಳೆದುಕೊಂಡವರು. ಅವರಲ್ಲಿ ಬಹುಪಾಲು ಮಂದಿಗೆ ಹತೋಟಿ ತಪ್ಪಿದ ಶುಗರ್ ಇತ್ತು, ಜೊತೆಗೆ ಸ್ಟೀರಾಯ್ಡ್. ಶುಗರ್ ಇರುವವರಿಗೆ ಟಿಬಿ ಬರುವ ಅಪಾಯವೂ ಎರಡು ಮೂರು ಪಟ್ಟು ಜಾಸ್ತಿ. ನಲವತ್ತು ದಾಟಿದವರು ಇಮ್ಯುನಿಟಿಗಾಗಿ ಒಂದೇ ಒಂದು ಕೆಲಸ ಮಾಡುವುದಾದರೆ, ಒಂದು ಶುಗರ್ ಟೆಸ್ಟ್ ಮಾಡಿಸಲಿ ಅನ್ನುತ್ತೇನೆ. ಮತ್ತೆ ಇಮ್ಯುನಿಟಿ ಹೆಸರಿನ ಲೇಹ್ಯ, ಸಿರಪ್ಪುಗಳ ಡಬ್ಬಿ ತಿರುಗಿಸಿ ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ಓದಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವುದೂ ಇದಕ್ಕೇ ಸೇರಿದ್ದು. ಸ್ನಾಯು ಕೆಲಸ ಮಾಡಿದರೆ ರಕ್ತದ ಸಕ್ಕರೆ ಇಳಿಯುತ್ತದೆ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ಇವು ಶ್ವಾಸನಾಳದ ಒಳಗೋಡೆಯ ಸಣ್ಣ ರೋಮಗಳನ್ನೇ ಹಾಳುಮಾಡುತ್ತವೆ. ಕಫವನ್ನೂ ರೋಗಾಣುವನ್ನೂ ಮೇಲಕ್ಕೆ ತಳ್ಳುವ ಪೊರಕೆ ಅವು. ಪೊರಕೆ ಸುಟ್ಟ ಮೇಲೆ ಯಾವ ಸಿರಪ್ ಏನು ಮಾಡೀತು?

ಸೋಪಿನ ವಿಷಯಕ್ಕೆ ಬಂದರೆ, ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದ ಒಂದು ಪ್ರಯೋಗ ನೆನಪಾಗುತ್ತದೆ. 2005ರಲ್ಲಿ ಪ್ರಕಟವಾದದ್ದು. ಮನೆಗಳಿಗೆ ಸೋಪು ಕೊಟ್ಟು, ಕೈ ತೊಳೆಯುವುದನ್ನು ವಾರ ವಾರವೂ ಹೇಳಿಕೊಟ್ಟರು. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿಯಿತು. ಭೇದಿಯೂ ಅಷ್ಟೇ ಇಳಿಯಿತು. ರೋಗಾಣು ಕೊಲ್ಲುವ ವಿಶೇಷ ಸೋಪಿಗೂ ಮಾಮೂಲಿ ಸೋಪಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಹತ್ತಿರದ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಸೋಪೇ ಸಾಕು.

ಇವೆಲ್ಲ ದೇಹದ ಕಾವಲನ್ನು ಕುಂದದಂತೆ ನೋಡಿಕೊಳ್ಳುವ ದಾರಿಗಳು. ಕಾಯಿಲೆ ಬರಿಸದೆ ಕಾವಲಿಗೆ ಹೊಸದನ್ನು ಕಲಿಸುವುದು ಲಸಿಕೆ. ದಡಾರದ ಉದಾಹರಣೆ ನೋಡಿ. ದಡಾರ ಬಂದು ಹೋದರೆ ದೇಹ ಗಟ್ಟಿಯಾಗುತ್ತದೆ ಎಂದು ಹಳಬರು ನಂಬಿದ್ದರು. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿದಾಗ ಕಂಡದ್ದು ಇದರ ತಿರುಗುಮುರುಗು. ಬೇರೆ ಬೇರೆ ರೋಗಗಳ ವಿರುದ್ಧ ಆ ಮಕ್ಕಳು ಕೂಡಿಟ್ಟುಕೊಂಡಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಇದು ಗೊತ್ತಾಗಿದ್ದು 2019ರಲ್ಲಿ. ಅಂದರೆ ದಡಾರದ ಒಂದು ಲಸಿಕೆ ಹತ್ತು ರೋಗಗಳ ನೆನಪನ್ನು ಉಳಿಸುತ್ತದೆ. ಮಕ್ಕಳ ಲಸಿಕೆಯಲ್ಲಿ ನಮ್ಮ ಅಂಗನವಾಡಿ, ಆಶಾ ಕಾರ್ಯಕರ್ತೆಯರು ಮಾಡಿರುವ ಕೆಲಸ ದೊಡ್ಡದು. ಹಿಂದೆ ಬಿದ್ದಿರುವುದು ದೊಡ್ಡವರ ಲಸಿಕೆಯಲ್ಲಿ. ಅರವತ್ತು ದಾಟಿದವರು, ಶುಗರ್, ಅಸ್ತಮಾ, ಹೃದಯದ ತೊಂದರೆ ಇರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಇವನ್ನು ಹೆಚ್ಚಿನವರು ಸ್ವಂತ ದುಡ್ಡಿನಲ್ಲೇ ಹಾಕಿಸಿಕೊಳ್ಳಬೇಕಾಗಿದೆ. ಸರ್ಕಾರ ಇದರತ್ತ ಗಮನ ಕೊಡಬೇಕು. ಬಾಟಲಿಗಳಿಗೆ ದುಡ್ಡು ಇಡುವ ಮನೆಗಳು ಅಪ್ಪ ಅಮ್ಮನ ಲಸಿಕೆಗೆ ಆ ದುಡ್ಡು ತಿರುಗಿಸಬಹುದು.

ಜಾರ್ಖಂಡ್‌ನ ಅಧ್ಯಯನದಿಂದ ಬಂದ ಇನ್ನೊಂದು ಲೆಕ್ಕ ನನ್ನ ಮನಸ್ಸಿನಲ್ಲಿ ಉಳಿದಿದೆ. ಸುಮಾರು 30 ಮನೆಗಳಿಗೆ ಹೀಗೆ ಅಕ್ಕಿ-ಬೇಳೆ ಕೊಟ್ಟರೆ ಒಬ್ಬರಿಗೆ ಟಿಬಿ ಬರುವುದು ತಪ್ಪುತ್ತದೆ. ಜಗತ್ತಿನ ನಾಲ್ಕು ಟಿಬಿ ರೋಗಿಗಳಲ್ಲಿ ಒಬ್ಬರು ಭಾರತದವರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೇಂದ್ರ ಸರ್ಕಾರ ಟಿಬಿ ರೋಗಿಗಳಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿತು. ನಿಕ್ಷಯ ಮಿತ್ರ ಯೋಜನೆಯಲ್ಲಿ ಯಾರು ಬೇಕಾದರೂ ಒಬ್ಬ ರೋಗಿಗೆ ತಿಂಗಳ ಆಹಾರ ಕಿಟ್ ಕೊಡಬಹುದು. ಸಂಘ, ಆಫೀಸು, ಗೆಳೆಯರ ಗುಂಪು, ಒಬ್ಬೊಬ್ಬರೇ ಆದರೂ ಸರಿ. 2024ರಿಂದ ರೋಗಿಯ ಮನೆಯವರಿಗೂ ಕಿಟ್ ಕೊಡುವುದನ್ನು ಅದರಲ್ಲಿ ಸೇರಿಸಿದ್ದಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಹೇಗೆ ಸೇರುವುದೆಂದು ಹೇಳುತ್ತಾರೆ. ಕಿಟ್ ಕಟ್ಟುವಾಗ ರೋಗಿಗೊಬ್ಬರಿಗೇ ಲೆಕ್ಕ ಹಾಕಬೇಡಿ, ಆ ಮನೆಯಲ್ಲಿ ಎಷ್ಟು ತಟ್ಟೆ ಇವೆ ಎಂದು ಕೇಳಿ.